ಗೆರೆ ಹಾಕದೆ ಕಸೂತಿ: ಮಳೆಗಾಲದ ಮಧ್ಯಾಹ್ನಕ್ಕೆ ಜೊತೆಗಾರರು ಬೇಕು

ಜರಿಗಿಡ (ತೀರ್ಥಹಳ್ಳಿ), ಜೂನ್ 28

ಎಲ್ಲರಿಗೂ ನಮಸ್ಕಾರ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮಲ್ಲಿ ಅಂಗಳಕ್ಕೆ ಕಾಲಿಡುವ ಹಾಗಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಜಗಲಿ ಕಿಟಕಿಯ ಹತ್ತಿರ ಕೂತು ಕಸೂತಿ ಹಾಕುತ್ತಿದ್ದೇನೆ. ಟ್ರೇಸಿಂಗ್ ಇಲ್ಲ, ಕಾರ್ಬನ್ ಹಾಳೆ ಇಲ್ಲ, ಪೆನ್ಸಿಲ್ ಗೆರೆ ಕೂಡ ಇಲ್ಲ. ಕಿಟಕಿಯಲ್ಲಿ ಏನು ಕಾಣುತ್ತದೋ ಅದನ್ನು ನೇರ ಸೂಜಿಯಲ್ಲೇ ಬಟ್ಟೆಗೆ ಇಳಿಸುವುದು. ಹೀಗೆ ಮಾಡುವವರು ಇಲ್ಲಿ ಯಾರಾದರೂ ಇದ್ದೀರಾ?

ಶುರುವಾಗಿದ್ದು ಹೇಗೆ ಅಂತ ಹೇಳುತ್ತೇನೆ. ಕಳೆದ ವರ್ಷ ಆನ್‌ಲೈನ್‌ನಲ್ಲಿ ಒಂದು ಕಿಟ್ ತರಿಸಿದ್ದೆ. ಬಟ್ಟೆ ಮೇಲೆ ನೀಲಿ ಇಂಕಿನಲ್ಲಿ ನವಿಲು ಅಚ್ಚಾಗಿಯೇ ಬಂದಿತ್ತು. ನೀರಿಗೆ ಹಾಕಿದರೆ ಗೆರೆ ಹೋಗುತ್ತದೆ ಎಂದು ಬರೆದಿದ್ದರು. ಎರಡು ತಿಂಗಳು ಹೊಲಿದೆ. ಗೆರೆಯಿಂದ ಕೂದಲೆಳೆಯಷ್ಟು ಆಚೆ ಹೋದರೂ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಕುತ್ತಿಗೆ ನೋವು, ಕಣ್ಣುರಿ, ಅದರ ಮೇಲೆ ಮನಸ್ಸಿಗೆ ಕಿರಿಕಿರಿ. ಕೊನೆಗೆ ತೊಳೆದಾಗ ಇಂಕು ಹೋಗಲೇ ಇಲ್ಲ. ಮಡಚಿ ಅಟ್ಟಕ್ಕೆ ಹಾಕಿದೆ.

ಈ ವರ್ಷ ಬೇಸಿಗೆಯಲ್ಲಿ ಅಪ್ಪ ಹೋದರು. ಆಮೇಲೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ತವರಿನಿಂದ ಬರುವಾಗ ಅಪ್ಪನ ಒಂದು ಹಳೇ ಪಂಚೆ ತಂದಿದ್ದೆ. ತೊಳೆದು ತೊಳೆದು ಬೆಣ್ಣೆ ಹಾಗೆ ಮೆತ್ತಗಾಗಿದೆ. ಒಂದು ರಾತ್ರಿ ಸುಮ್ನೆ ಅದನ್ನು ಕಸೂತಿಯ ರಿಂಗಿಗೆ ಹಾಕಿದೆ. ಕೈಗೆ ಸಿಕ್ಕಿದ್ದು ಹಸಿರು ದಾರ. ಏನು ಮಾಡಬೇಕು ಅಂತ ಯೋಚನೆ ಮಾಡದೆ ಒಂದು ಗೆರೆ ಹೊಲಿಯುತ್ತಾ ಹೋದೆ. ಅದು ಮೇಲಕ್ಕೆ ಹೋಗಿ ತಾನಾಗಿ ಬಾಗಿತು. ನೋಡಿದರೆ ನಮ್ಮ ಬಾವಿಕಟ್ಟೆಯ ಸಂದಿಯಲ್ಲಿ ಏಳುವ ಜರಿಗಿಡದ ಸುರುಳಿ! ತಲೆ ಎತ್ತಿದಾಗ ಒಂದೂವರೆ ಗಂಟೆ ಕಳೆದಿತ್ತು. ಅವತ್ತು ನಿದ್ದೆ ಬಂತು.

ಈಗ ಅದೇ ಪಂಚೆಯಲ್ಲಿ ದಿನಕ್ಕೆ ಒಂದು ಅಂಗೈ ಅಗಲ ತುಂಬುತ್ತಿದ್ದೇನೆ. ಆಶ್ಲೇಷಾ ಮಳೆ ಮುಗಿಯುವವರೆಗೂ ಹಾಕುವ ಆಸೆ.

ಎರಡು ವಿಷಯ ಕೇಳಬೇಕಿತ್ತು. ಈ ಥಂಡಿಯಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ಹೇಗೆ ನೋಡಿಕೊಳ್ಳುತ್ತೀರಿ? ಇನ್ನೊಂದು, ಹಿತ್ತಲ ಮಾವಿನ ಮರದಲ್ಲಿ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು) ಬಿಟ್ಟಿದೆ. ಅದನ್ನು ಹಾಕಲೇಬೇಕು. ಆದರೆ ಬಿಳಿ ಪಂಚೆ ಮೇಲೆ ಬಿಳಿ ಹೂವು ಕಾಣುವುದು ಹೇಗೆ?

ಹೊಸ ದಾರ (ಶಿವಮೊಗ್ಗ, ವಿನೋಬನಗರ), ಜೂನ್ 28

ಜರಿಗಿಡ ಅಕ್ಕ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ನಾನು ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವಳು. ಮನೆಗೆ ಬಂದರೂ ಕೈಯಲ್ಲಿ ಫೋನು. ಬೇರೆ ಏನಾದರೂ ಹಿಡಿಯಬೇಕು ಅಂತ ತುಂಬಾ ದಿನದಿಂದ ಅನಿಸುತ್ತಿದೆ. ಶಾಲೆಯಲ್ಲಿ ಕರ್ಚೀಫಿನ ಮೂಲೆಗೆ ಲೇಜಿ ಡೇಜಿ ಹೂವು ಹಾಕಿದ್ದೇ ಕೊನೆ. ಚಿತ್ರ ಬರೆಯಲು ಬರುವುದಿಲ್ಲ. ಹಾಗಿದ್ದರೂ ಗೆರೆ ಇಲ್ಲದೆ ಮಾಡಬಹುದಾ? ಅಂಗಡಿಗೆ ಹೋಗಿ ಏನು ಕೇಳಲಿ?

ಜರಿಗಿಡ, ಜೂನ್ 29

ಖಂಡಿತ ಮಾಡಬಹುದು. ಗಾಂಧಿ ಬಜಾರಿನ ಕಡೆ ದಾರ, ಗುಂಡಿ, ಲೇಸು ಮಾರುವ ಯಾವ ಅಂಗಡಿಯಲ್ಲಾದರೂ ಎಲ್ಲಾ ಸಿಗುತ್ತದೆ. ಐದಾರು ಇಂಚಿನ ಮರದ ರಿಂಗು ಒಂದು ಸಾಕು, ದೊಡ್ಡದು ಬೇಡ. ಹೆಬ್ಬೆರಳು ನಡುವಿನವರೆಗೂ ಮುಟ್ಟಬೇಕು, ಇಲ್ಲದಿದ್ದರೆ ಮಣಿಕಟ್ಟು ನೋಯುತ್ತದೆ. ಕಸೂತಿ ಸೂಜಿಯಲ್ಲಿ 8 ಅಥವಾ 9 ನಂಬರ್ ಕೇಳಿ. ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ.

ದಾರ ಆಂಕರ್ ಲಡಿ ತಗೊಳ್ಳಿ. ಒಂದು ಲಡಿಯಲ್ಲಿ 8 ಮೀಟರ್ ಇರುತ್ತದೆ, 6 ಎಳೆ ಸೇರಿ ಒಂದು ದಾರ. ಕತ್ತರಿಸಿಕೊಂಡು ಅದರಿಂದ ಎರಡೇ ಎಳೆ ಬಿಡಿಸಿಕೊಳ್ಳಿ. ಎಳೆಗಳನ್ನು ಒಂದೊಂದಾಗಿ ಮೇಲಕ್ಕೆ ಎಳೆದು ತೆಗೆಯಬೇಕು. ಎರಡನ್ನೂ ಒಟ್ಟಿಗೆ ಎಳೆದರೆ ಗೋಜಲಾಗುತ್ತದೆ. ಉದ್ದ ಒಂದು ಮೊಳ, ಅಷ್ಟೇ. ಪದೇ ಪದೇ ಪೋಣಿಸುವ ಕೆಲಸ ತಪ್ಪಲಿ ಅಂತ ಉದ್ದ ದಾರ ತಗೊಂಡರೆ ಬಟ್ಟೆಯಲ್ಲಿ ನುಗ್ಗಿ ನುಗ್ಗಿ ಜುಂಗು ಏಳುತ್ತದೆ, ಗಂಟು ಬೀಳುತ್ತದೆ, ಅಲ್ಲೇ ನೆಮ್ಮದಿ ಹಾಳು.

ಬಟ್ಟೆ ಹೊಸದು ಬೇಡ. ಮನೆಯಲ್ಲಿರುವ ಹಳೇ ಹತ್ತಿ ಬಟ್ಟೆ ತಗೊಳ್ಳಿ. ಹತ್ತಾರು ಸಲ ತೊಳೆದಿದ್ದು ಇನ್ನು ಕುಗ್ಗುವುದಿಲ್ಲ, ಸೂಜಿಯೂ ಸಲೀಸಾಗಿ ಹೋಗುತ್ತದೆ.

ಇನ್ನು ಚಿತ್ರ ಬರೆಯಲು ಬರುವುದಿಲ್ಲ ಅಂದಿರಿ. ಜರಿಗಿಡದ ಸುರುಳಿ ನಾನು ಹಾಕುವುದು ಹೇಗೆ ಅಂತ ಹೇಳುತ್ತೇನೆ ನೋಡಿ. ಬುಡದಿಂದ ಶುರು ಮಾಡುತ್ತೇನೆ. ಕಾಂಡದ ಹೊಲಿಗೆ, ಅಂದರೆ ಸ್ಟೆಮ್ ಸ್ಟಿಚ್. ದಾರ ಯಾವಾಗಲೂ ಸೂಜಿಯ ಒಂದೇ ಬದಿಗೆ ಇರಬೇಕು. ಒಮ್ಮೆ ಎಡ ಒಮ್ಮೆ ಬಲ ಆದರೆ ಹಗ್ಗದ ಹುರಿಯ ಹಾಗೆ ಕಾಣುವುದಿಲ್ಲ. ನೇರ ಹೋಗುವಾಗ ಹೊಲಿಗೆ ಅಕ್ಕಿಕಾಳಿನ ಉದ್ದ. ಬಾಗು ಬರುವ ಕಡೆ ಸಾಸಿವೆಯಷ್ಟು. ಹೊಲಿಗೆ ಸಣ್ಣ ಮಾಡುತ್ತಾ, ಪ್ರತಿ ಸಲ ರಿಂಗನ್ನು ಸ್ವಲ್ಪ ತಿರುಗಿಸುತ್ತಾ ಹೋದರೆ ಗೆರೆ ತಾನೇ ಒಳಗೆ ಸುತ್ತಿಕೊಳ್ಳುತ್ತದೆ. ಕೊನೆಗೆ ನಡುವೆ ಒಂದು ಫ್ರೆಂಚ್ ನಾಟ್, ಅಂದರೆ ಸೂಜಿಗೆ ದಾರ ಸುತ್ತಿ ಹಾಕುವ ಗಂಟು. ಸುರುಳಿಯ ಹೊರಬದಿಗೆ ಒಂದೇ ಎಳೆಯಲ್ಲಿ ಕಂದು ಬಣ್ಣದ ಚಿಕ್ಕ ಚಿಕ್ಕ ಹೊಲಿಗೆ ಹಾಕಿದರೆ ಎಳೆಯ ಜರಿಗಿಡದ ಮೇಲಿನ ಆ ಜುಂಗಿನ ಹಾಗೇ ಕಾಣುತ್ತದೆ. ಇಷ್ಟಕ್ಕೆ ಚಿತ್ರ ಬರೆಯಲು ಬರಬೇಕಾಗಿಲ್ಲ ಅಲ್ವಾ? ಒಂದು ಹೊಲಿಗೆ ಹಾಕಿದ ಮೇಲೆ ಮುಂದಿನದು ಎಲ್ಲಿಗೆ ಅಂತ ಮಾತ್ರ ನೋಡುವುದು.

ಗವಂತಿ (ಭದ್ರಾವತಿ), ಜೂನ್ 30

ನಾನು ಧಾರವಾಡದ ಮಗಳು, ಮದುವೆಯಾಗಿ ಈ ಕಡೆ ಬಂದವಳು. ಒಂದು ಮಾತು ಹೇಳಲೇ? ಕಸೂತಿ ಅನ್ನುವ ಹೆಸರನ್ನು ಈಗ ಎಲ್ಲಾ ಕೈಹೊಲಿಗೆಗೂ ಇಡುತ್ತಾರೆ. ನಮ್ಮ ಕಡೆ ಕಸೂತಿ ಅಂದರೆ ಗವಂತಿ, ಮುರ್ಗಿ, ನೇಯ್ಗೆ, ಮೆಂತಿ, ಈ ನಾಲ್ಕೇ ಹೊಲಿಗೆ. ಅದಕ್ಕೂ ಬಟ್ಟೆ ಮೇಲೆ ಗೆರೆ ಹಾಕುವುದಿಲ್ಲ. ಇಳಕಲ್ ಸೀರೆಯ ಎಳೆ ಎಣಿಸಿ ಹಾಕುವುದು. ಗಂಟು ಹಾಕುವ ಹಾಗಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಗವಂತಿ, ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲಾ ಲೆಕ್ಕದ ಮೇಲೆ ನಿಂತಿವೆ.

ನನಗೆ ನೆಮ್ಮದಿ ಸಿಗುವುದು ಆ ಎಣಿಕೆಯಲ್ಲಿ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಪಕ್ಕಕ್ಕೆ. ತಲೆಯಲ್ಲಿ ಬೇರೆ ಚಿಂತೆಗೆ ಜಾಗವೇ ಇರುವುದಿಲ್ಲ. ಮುಂದೆ ಏನು ಹಾಕಲಿ ಅಂತ ಪ್ರತಿ ಹೊಲಿಗೆಗೂ ನಾನೇ ತೀರ್ಮಾನ ಮಾಡಬೇಕು ಅಂದರೆ ನನಗೆ ಇನ್ನೂ ಆಯಾಸ. ನಿಮಗೆ ಹಾಗೆ ಆಗುವುದಿಲ್ಲವೇ?

ಜರಿಗಿಡ, ಜೂನ್ 30

ಗವಂತಿ ಅವರೇ, ಹೆಸರಿನ ವಿಷಯ ನೀವು ಹೇಳಿದ್ದು ಸರಿ. ನಾನು ಮಾಡುವುದು ಧಾರವಾಡದ ಕಸೂತಿ ಅಲ್ಲ. ನಮ್ಮ ಮನೆಗಳಲ್ಲಿ ಎಂಬ್ರಾಯ್ಡರಿಗೆಲ್ಲಾ ಕಸೂತಿ ಅನ್ನುವುದು ರೂಢಿಯಾಗಿದೆ, ಅದಕ್ಕೆ ಹಾಗೆ ಬರೆದೆ.

ಆಯಾಸದ ಬಗ್ಗೆ ಯೋಚನೆ ಮಾಡಿದೆ. ನಿಜ, ಮೊದಲ ನಾಲ್ಕೈದು ದಿನ ಬಟ್ಟೆ ನೋಡಿದರೆ ಹೆದರಿಕೆ ಆಗುತ್ತಿತ್ತು. ಆಮೇಲೆ ಒಂದು ಕಟ್ಟುಪಾಡು ಇಟ್ಟುಕೊಂಡೆ. ದಿನಕ್ಕೆ ಎರಡೇ ಬಣ್ಣ, ಎರಡೇ ಥರದ ಹೊಲಿಗೆ. ಬಿಚ್ಚುವ ಹಾಗಿಲ್ಲ. ತಪ್ಪಿದರೆ ಅದರ ಪಕ್ಕದಲ್ಲಿ ಇನ್ನೊಂದು ಹೊಲಿಗೆ ಹಾಕಿ ಅದನ್ನು ಏನೋ ಒಂದು ಮಾಡುವುದು. ಅವತ್ತಿನಿಂದ ಹಗುರಾಯಿತು. ನವಿಲಿನ ಕಿಟ್ ಹೊಲಿಯುವಾಗ ನಾನು ಇಡೀ ಹೊತ್ತು ತಪ್ಪು ಹುಡುಕುತ್ತಿದ್ದೆ. ಈಗ ಜರಿಗಿಡ ನೋಡುತ್ತಿದ್ದೇನೆ. ನಲವತ್ತು ವರ್ಷ ಕಣ್ಣೆದುರೇ ಇದ್ದ ಗಿಡ. ಅದರ ಸುರುಳಿಯ ಒಳಗೆ ಎಲೆಗಳೂ ಪುಟ್ಟ ಪುಟ್ಟ ಸುರುಳಿಯಾಗಿಯೇ ಇರುತ್ತವೆ ಅಂತ ಗೊತ್ತಾಗಿದ್ದು ಈಗ.

ಕೆಮ್ಮಣ್ಣು (ಸೊರಬ), ಜುಲೈ 2

ಎಷ್ಟು ಚೆಂದದ ಚರ್ಚೆ. ನಾನೂ ಸೇರುತ್ತೇನೆ. ನಮ್ಮದು ದೀವರ ಮನೆ. ನಮ್ಮಜ್ಜಿ ಹಸೆ ಚಿತ್ತಾರ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ. ಪುಂಡಿ ನಾರಿನ ಕುಂಚ. ಮದುವೆ ಮನೆಯಲ್ಲಿ ಗೋಡೆಗೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ. ಅಡಿಕೋಲು ಇಟ್ಟು ಗೆರೆ ಎಳೆದಿದ್ದು ನಾನು ನೋಡಿಲ್ಲ. ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎಳೆಯುತ್ತಿದ್ದರು. ಆ ಗೆರೆಗೂ ಎಳೆ ಅಂತಲೇ ಹೆಸರು. ರಂಗೋಲಿಯಲ್ಲೂ ಎಳೆ. ನಿಮ್ಮ ದಾರದಲ್ಲೂ ಎಳೆ.

ಅಜ್ಜಿಗೆ ಈಗ ಕೈ ನಡುಗುತ್ತದೆ, ಗೋಡೆ ಮುಂದೆ ನಿಲ್ಲಲು ಆಗುವುದಿಲ್ಲ. ಹಾಗಾಗಿ ನಾನು ಒಂದು ಇಟ್ಟಿಗೆ ಬಣ್ಣದ ಕೈಮಗ್ಗದ ಬಟ್ಟೆ ತಂದು, ಬಿಳಿ ದಾರದಲ್ಲಿ ಚಿತ್ತಾರದ ಎಳೆಗಳನ್ನು ಹೊಲಿಯಲು ಶುರು ಮಾಡಿದ್ದೇನೆ. ಬರೀ ರನ್ನಿಂಗ್ ಸ್ಟಿಚ್. ಅಜ್ಜಿ ಪಕ್ಕದಲ್ಲಿ ಕೂತು ಬೆರಳಲ್ಲಿ ಬಟ್ಟೆ ಮೇಲೆ ತೋರಿಸುತ್ತಾರೆ, ಇಲ್ಲಿಂದ ಇಲ್ಲಿಗೆ ಬಾ ಅಂತ. ಬೆರಳು ಹೋದ ದಾರಿಯಲ್ಲಿ ನಾನು ಸೂಜಿ ತರುತ್ತೇನೆ. ನಿನ್ನೆ ಅಜ್ಜಿ ಬಟ್ಟೆಯ ಮೇಲೆ ಕೈಯಾಡಿಸಿ, ಗೋಡೆಯಲ್ಲಿ ಬರೆದಿದ್ದು ಕೈಗೆ ಸಿಕ್ಕುತ್ತಿರಲಿಲ್ಲ, ಇದು ಸಿಕ್ಕುತ್ತದೆ ಅಂದರು.

ಇನ್ನೊಂದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಹಳೇ ಬಟ್ಟೆ ತುಂಡುಗಳನ್ನು ಅಂಚಿನಿಂದ ಇಡುತ್ತಾ, ಸುತ್ತುತ್ತಾ ಒಳಗೆ ಹೋಗುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆ ಇರುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂವು, ಅದಕ್ಕೆ ಫುಲಾ ಅನ್ನುತ್ತಾರೆ. ಅದಿಲ್ಲದೆ ಕೌದಿ ಮುಗಿಯುವುದಿಲ್ಲ. ಜರಿಗಿಡ ಅವರೇ, ನಿಮ್ಮ ಪಂಚೆಯ ಮೂಲೆಗೂ ಹಾಗೆ ಏನಾದರೂ ಇಡಿ.

ತುಂಗೆ ದಂಡೆ (ಶೃಂಗೇರಿ), ಜುಲೈ 3

ಬೂಷ್ಟಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ಎರಡು ವರ್ಷದ ಕೆಲಸ ಕಳೆದುಕೊಂಡು ಕಲಿತಿದ್ದು.

ಆ ದಿನದ ಕೆಲಸ ಮುಗಿದ ಕೂಡಲೇ ರಿಂಗು ತೆಗೆಯಿರಿ. ರಿಂಗಿನಲ್ಲೇ ಬಿಟ್ಟರೆ ಕಚ್ಚಿಕೊಂಡ ಜಾಗದಲ್ಲಿ ಥಂಡಿ ನಿಂತು ಉಂಗುರದ ಆಕಾರಕ್ಕೇ ಕಲೆ ಬೀಳುತ್ತದೆ. ಒಳಗಿನ ರಿಂಗಿಗೆ ಹಳೇ ಹತ್ತಿ ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಒಳ್ಳೆಯದು, ಬಟ್ಟೆ ಜಾರುವುದೂ ಇಲ್ಲ. ಸೂಜಿಯನ್ನು ಯಾವ ಕಾರಣಕ್ಕೂ ಬಟ್ಟೆಯಲ್ಲಿ ಚುಚ್ಚಿಡಬೇಡಿ. ನಮ್ಮ ಮಳೆಯಲ್ಲಿ ಎರಡೇ ದಿನಕ್ಕೆ ತುಕ್ಕು ಹಿಡಿದು ಕಂದು ಚುಕ್ಕೆ ಉಳಿಯುತ್ತದೆ. ಉಳಿದೇಬಿಟ್ಟರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಿಡಿಯಬೇಕು. ದಾರದ ಮೇಲೆ ಬೀಳಬಾರದು, ಬಣ್ಣ ಹೋಗುತ್ತದೆ. ಅದಕ್ಕೂ ಬಿಸಿಲು ಬರುವವರೆಗೆ ಕಾಯಬೇಕು, ಏನು ಮಾಡುವುದು.

ಬಟ್ಟೆ ಎತ್ತಿಡುವ ಮೊದಲು ದಪ್ಪ ಟವೆಲ್ ಮೇಲೆ ಕಸೂತಿಯ ಮುಖ ಕೆಳಗೆ ಮಾಡಿ, ಹಿಂಬದಿಯಿಂದ ಇಸ್ತ್ರಿ ಮಾಡಿ. ಥಂಡಿ ಆರುತ್ತದೆ, ಗಂಟುಗಳೂ ಚಪ್ಪಟೆ ಆಗುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಗಂಜಿ ಹಾಕುವುದಂತೂ ಮಳೆಗಾಲದಲ್ಲಿ ಬೇಡವೇ ಬೇಡ, ಬೂಷ್ಟಿಗೂ ಹುಳಕ್ಕೂ ಊಟ ಹಾಕಿದ ಹಾಗೆ. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಬೇರೆ ಬಟ್ಟೆಯ ಜೊತೆ ಒಣಗಿಸಿದರೆ ಹೊಗೆಗೆ ಬಿಳಿ ಪಂಚೆ ಹಳದಿ ತಿರುಗುತ್ತದೆ.

ಚೊಗರು (ಹೊಸನಗರ), ಜುಲೈ 5

ಇಲ್ಲಿ ಗಂಡಸರು ಬರೆಯಬಹುದಲ್ವಾ? ನನ್ನದು ಅಡಿಕೆ ತೋಟ. ಕೊಳೆರೋಗದ ಔಷಧಿ ಮೊದಲ ಸುತ್ತು ಹೊಡೆದಾಯಿತು. ಮಳೆ ಬಿಡದಿದ್ದರೆ ಎರಡನೇ ಸುತ್ತಿಗೆ ಕಾಯುವುದೊಂದೇ ಕೆಲಸ. ಆ ಕಾಯುವಿಕೆ ಬಹಳ ಕಷ್ಟ. ಕಾಯಿ ಉದುರುವ ಸದ್ದು ರಾತ್ರಿಯೆಲ್ಲಾ ಕಿವಿಯಲ್ಲೇ ಇರುತ್ತದೆ. ಎರಡು ವರ್ಷದಿಂದ ನಾನೂ ಹೊಲಿಯುತ್ತೇನೆ. ಅಮ್ಮ ಕಲಿಸಿದ್ದು.

ನಾನು ಬಳಸುವ ದಾರ ನಾನೇ ಬಣ್ಣ ಕಟ್ಟಿದ್ದು. ಅಡಿಕೆ ಬೇಯಿಸಿದ ನೀರು ಉಳಿಯುತ್ತದಲ್ಲ, ಆ ಚೊಗರು. ಹೆಗ್ಗೋಡಿನ ಚರಕ ಕೈಮಗ್ಗ ಸಹಕಾರ ಸಂಘದವರು ಬಟ್ಟೆಗೆ ಇದೇ ಬಣ್ಣ ಕಟ್ಟುವುದು ನೋಡಿ ಆಸೆಯಾಗಿತ್ತು. ಬಿಳಿ ಹತ್ತಿ ದಾರವನ್ನು ಮೊದಲು ಸೋಪಿನ ನೀರಲ್ಲಿ ಕುದಿಸಿ ಜಿಡ್ಡು ತೆಗೆಯುತ್ತೇನೆ. ಆಮೇಲೆ ಪಟಿಕ (ಆಲಂ) ಕರಗಿಸಿದ ನೀರಲ್ಲಿ ಒಂದು ರಾತ್ರಿ. ಮರುದಿನ ಚೊಗರಿನಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ. ಇಟ್ಟಿಗೆ ಕೆಂಪಿನ ಕಂದು ಬರುತ್ತದೆ. ಅದರಲ್ಲೇ ಅರ್ಧ ದಾರವನ್ನು ತುಕ್ಕು ಮೊಳೆ ನೆನೆಸಿದ ನೀರಿಗೆ ಅದ್ದಿದರೆ ಕಣ್ಣೆದುರೇ ಕಪ್ಪಿಗೆ ತಿರುಗುತ್ತದೆ. ಚೊಗರಿನ ಒಗರು ಕಬ್ಬಿಣಕ್ಕೆ ಸೇರಿದರೆ ಹಾಗೆ. ಅದ್ದಿ ತಕ್ಷಣ ತೆಗೆದು ತೊಳೆಯಬೇಕು, ಬಿಟ್ಟರೆ ದಾರ ಲಡ್ಡಾಗುತ್ತದೆ.

ಈ ಎರಡೇ ಬಣ್ಣದಲ್ಲಿ ಒಂದು ಹಾಸು ಹೊಲಿಯುತ್ತಿದ್ದೇನೆ. ಬರೀ ಅಡಿಕೆ ಮರಗಳು, ಅವುಗಳ ಉಂಗುರ ಉಂಗುರ ಗೆರೆ. ಜರಿಗಿಡ ಅವರು ಹೇಳಿದ ಎರಡು ಬಣ್ಣದ ಕಟ್ಟುಪಾಡು ನನ್ನ ಅನುಭವದಲ್ಲೂ ನಿಜ. ಬೇಕಾದವರಿಗೆ ಸ್ವಲ್ಪ ಸ್ವಲ್ಪ ದಾರ ಕಳಿಸಿಕೊಡುತ್ತೇನೆ, ಖಾಸಗಿ ಸಂದೇಶ ಹಾಕಿ.

ಪೆಡಲು (ಸಾಗರ), ಜುಲೈ 7

ನಾನು ಟೈಲರ್. ಹೊಲಿಗೆ ಯಂತ್ರದಲ್ಲೂ ಗೆರೆ ಇಲ್ಲದೆ ಹೀಗೇ ಹಾಕಬಹುದು, ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಕೆಳಗಿನ ಹಲ್ಲನ್ನು ಇಳಿಸಬೇಕು. ಕೆಲವು ಹಳೇ ಯಂತ್ರದಲ್ಲಿ ಇಳಿಯುವುದಿಲ್ಲ, ಅದರ ಮೇಲೆ ತಗಡು ಮುಚ್ಚಬೇಕು. ಮೇಲಿನ ಪಾದ ತೆಗೆದು ಎಂಬ್ರಾಯ್ಡರಿ ಪಾದ ಹಾಕಿ. ರಿಂಗನ್ನು ಕೈಹೊಲಿಗೆಗೆ ಹಾಕುವುದಕ್ಕೆ ಉಲ್ಟಾ ಹಾಕಿ, ಬಟ್ಟೆ ಕೆಳಗೆ ತಟ್ಟೆಗೆ ಅಂಟಿಕೊಂಡಿರಬೇಕು. ಪಾದ ತೆಗೆದೇ ಹೊಲಿದರೂ ಪಾದ ಎತ್ತಿ ಇಳಿಸುವ ಹಿಂದಿನ ಹಿಡಿ ಇಳಿಸಲು ಮರೆಯಬೇಡಿ. ಇಳಿಸದಿದ್ದರೆ ದಾರಕ್ಕೆ ಬಿಗಿ ಸಿಗದೆ ಕೆಳಗೆಲ್ಲಾ ಗುಪ್ಪೆ ಗುಪ್ಪೆಯಾಗುತ್ತದೆ. ಆಮೇಲೆ ಸೂಜಿ ನಿಂತಲ್ಲೇ ಓಡುತ್ತದೆ, ಎರಡೂ ಕೈಯಲ್ಲಿ ಬಟ್ಟೆ ಸರಿಸುತ್ತಾ ಹೋಗುವುದು.

ಕಾಲಲ್ಲಿ ತುಳಿಯುವ ಯಂತ್ರ ಇದ್ದವರಿಗೆ ನನ್ನ ಸಲಹೆ, ಅದರಲ್ಲೇ ಕಲಿಯಿರಿ. ಕರೆಂಟ್ ಹೋದರೂ ಚಿಂತೆ ಇಲ್ಲ, ನಿಮ್ಮ ಕಾಲಿನ ಲಯಕ್ಕೆ ಕೈಯೂ ಹೊಂದಿಕೊಳ್ಳುತ್ತದೆ. ಗಿರಾಕಿಗಳ ಬ್ಲೌಸೆಲ್ಲಾ ಮುಗಿಸಿ ರಾತ್ರಿ ಅರ್ಧ ಗಂಟೆ ನನಗೋಸ್ಕರ ಮಾತ್ರ ತುಳಿಯುತ್ತೇನೆ. ಅಳತೆ ಇಲ್ಲ, ಗುರುತು ಚಾಕ್ ಇಲ್ಲ. ಇಡೀ ದಿನ ಇಂಚು ಇಂಚು ಲೆಕ್ಕ ಇಟ್ಟವಳಿಗೆ ಅದು ಎಷ್ಟು ಹಿತ ಅಂತ ಹೇಳಲಾರೆ.

ಗವಂತಿ, ಜುಲೈ 9

ಸೀತಾಳೆ ದಂಡೆಯ ಬಗ್ಗೆ ಯೋಚನೆ ಮಾಡುತ್ತಿದ್ದೆ. ಇಲ್ಲಿ ನೆರೆಮನೆಯವರು ಮುಡಿಗೆ ಇಟ್ಟುಕೊಂಡಿದ್ದನ್ನು ಕೇಳಿ ತಂದು ಹತ್ತಿರದಿಂದ ನೋಡಿದೆ. ಜರಿಗಿಡ ಅವರೇ, ಬಿಳಿ ದಾರ ಹಾಕಲೇಬೇಡಿ. ಹೂವಿನ ಬಿಳಿ ನಿಮ್ಮಪ್ಪನ ಪಂಚೆಯೇ ಆಗಲಿ. ಮೊದಲು ತಿಳಿ ಹಸಿರಿನಲ್ಲಿ ಬಾಗಿ ಇಳಿಯುವ ದಂಟು. ಅದರ ಎರಡೂ ಬದಿಗೆ ಎಸಳಿನ ಜಾಗ ಖಾಲಿ ಬಿಟ್ಟು, ಒಂದೇ ಎಳೆ ನೇರಳೆ ಗುಲಾಬಿಯಲ್ಲಿ ಚುಕ್ಕೆ ಚುಕ್ಕೆ ಹಾಕಿ. ಹೂವಿನ ನಡುವಿನ ನಾಲಿಗೆಗೆ ಮಾತ್ರ ಗಾಢ ಬಣ್ಣ, ಎರಡು ಹೊಲಿಗೆ ಪಕ್ಕ ಪಕ್ಕ. ಹೂವು ಹೂವಿನ ಸಂದಿಯಲ್ಲಿ ಹಸಿರಿನ ಚೂರು ಹೊಲಿಗೆ ತುಂಬಿದರೆ ಬಿಳಿ ಎಸಳು ತಾನೇ ಎದ್ದು ಬರುತ್ತದೆ. ನಾನು ಒಂದು ಹೂವು ಹಾಕಿ ನೋಡಿದೆ. ಎಣಿಸದೆ ಹಾಕಿದ್ದು ಇದೇ ಮೊದಲು. ಫೋಟೋ ಹಾಕಿದ್ದೇನೆ.

ಜರಿಗಿಡ, ಜುಲೈ 19

ಪುನರ್ವಸು ಮುಗಿಯುತ್ತಾ ಬಂತು. ಗವಂತಿ ಅವರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ. ಹನ್ನೊಂದು ಹೂವಿನ ದಂಡೆ ಬಂದಿದೆ. ಅಪ್ಪನ ಪಂಚೆಯೇ ಹೂವಾಗಲಿ ಅಂದಿರಲ್ಲ, ಆ ಸಾಲು ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಒಂದು ಎಡವಟ್ಟೂ ಆಯಿತು. ಕೇಪಳದ ಹೂವಿಗೆ ತಂದ ಕೆಂಪು ದಾರ ಬಣ್ಣ ಬಿಟ್ಟಿತು. ಯಾವ ಅಂಗಡಿ ಅಂತ ಹೇಳುವುದು ಬೇಡ, ಬಿಡಿ ದಾರ, ಚೀಟಿ ಇರಲಿಲ್ಲ. ಬಟ್ಟೆ ಒದ್ದೆ ಇರುವಾಗಲೇ ನೋಡಿದ್ದು ಪುಣ್ಯ. ಒಣಗಲು ಬಿಡದೆ ತಣ್ಣೀರಿನಲ್ಲಿ ನೆನೆಸಿ, ನೀರು ಬದಲಿಸಿ ಬದಲಿಸಿ ಏಳು ಸಲ ಜಾಲಿಸಿದೆ. ಹಿಂಡಲಿಲ್ಲ. ಮುಕ್ಕಾಲು ಹೋಯಿತು, ತಿಳಿ ಗುಲಾಬಿ ಛಾಯೆ ಸ್ವಲ್ಪ ಉಳಿದಿದೆ. ಕೆಂಪು, ಕಡು ನೀಲಿ ದಾರ ತಂದ ಕೂಡಲೇ ಒದ್ದೆ ಬಿಳಿ ಬಟ್ಟೆಯಲ್ಲಿ ಹಿಡಿದು ಒಮ್ಮೆ ಎಳೆದು ನೋಡಿ. ಬಟ್ಟೆಗೆ ಬಣ್ಣ ಅಂಟಿದರೆ ಆ ದಾರ ಬೇಡ. ಆ ಗುಲಾಬಿ ಛಾಯೆಯ ಸುತ್ತ ನಾನು ಸಂಜೆಯ ಮೋಡ ಹೊಲಿದೆ. ಚೊಗರು ಅಣ್ಣ ಕಳಿಸಿದ ದಾರದಲ್ಲಿ ಅದರ ಕೆಳಗೆ ನಾಲ್ಕು ಅಡಿಕೆ ಮರ ನಿಂತಿವೆ.

ಮೂಲೆಗೆ ಏನಿಡಲಿ ಅಂತ ಇನ್ನೂ ಗೊತ್ತಾಗಿಲ್ಲ, ಕೆಮ್ಮಣ್ಣು.

ಹೊಸ ದಾರ, ಆಗಸ್ಟ್ 2

ಅಕ್ಕ, ನಾನು ಒಂದು ತಿಂಗಳಿಂದ ಇಲ್ಲಿ ಓದುತ್ತಾ ಓದುತ್ತಾ ಹೊಲಿಯುತ್ತಿದ್ದೆ. ಇವತ್ತು ಮೊದಲ ಫೋಟೋ ಹಾಕುವ ಧೈರ್ಯ ಬಂತು. ಅಮ್ಮನ ಹಳೇ ವಾಯಿಲ್ ಸೀರೆಯ ತುಂಡು. ನೇರ ಗೆರೆ ಹಾಕಲು ಹೋಗಿದ್ದು ಎಡಕ್ಕೆ ವಾಲಿತು. ಬಿಚ್ಚಬಾರದು ಅಂದಿದ್ದಿರಲ್ಲ, ಹಾಗಾಗಿ ಅದರ ಹಿಂದೆಯೇ ಹೋದೆ. ಈಗ ಅದು ನಮ್ಮ ಓಣಿಯ ಹಲಸಿನ ಮರದ ಕೊಂಬೆ. ಬುಡದಲ್ಲಿ ನೇತಾಡುತ್ತಿರುವುದು ಹಲಸಿನಕಾಯಿ, ಎಪ್ಪತ್ತೆರಡು ಫ್ರೆಂಚ್ ನಾಟ್. ಹೊಲಿಯುವಾಗ ಫೋನು ಬೇರೆ ಕೋಣೆಯಲ್ಲಿ ಇಟ್ಟಿರುತ್ತೇನೆ. ನಾಟ್ ಕೆಲವು ಕಡೆ ಒಳಗೆ ಹೊಕ್ಕು ಮಾಯವಾಗುತ್ತಿದ್ದವು, ಯಾಕೆ?

ಜರಿಗಿಡ, ಆಗಸ್ಟ್ 2

ಎಷ್ಟು ಚೆನ್ನಾಗಿದೆ! ಹಲಸಿನ ಮುಳ್ಳು ಕೈಗೆ ತಾಗುವ ಹಾಗಿದೆ. ನಾಟ್ ಒಳಗೆ ಹೋಗುವುದು ಸೂಜಿಯನ್ನು ಬಂದ ತೂತಿಗೇ ವಾಪಸ್ ಹಾಕಿದಾಗ. ಒಂದು ಎಳೆ ಪಕ್ಕಕ್ಕೆ ಚುಚ್ಚಿ. ದಾರವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಸೂಜಿ ಎಳೆಯಿರಿ, ಕೊನೆಯಲ್ಲಿ ಬಿಡಿ.

ಹಿಂಬದಿಯ ಫೋಟೋನೂ ಹಾಕಿ, ನೋಡಬೇಕು.